ಬೋರ್ಡಿಲ್ಲದ ಅಂಗಡಿಗಳು

ಹಳೇ ಪೇಟೆ ಒಡೆದು ಕಾಂಪ್ಲೆಕ್ಸ್ ಎದ್ದರೆ ಜನ ಹೋದ ಅಂಗಡಿಗಳನ್ನು ನೆನೆದು ಮರುಗುತ್ತಾರೆ. ಗೋಕಾಕವೆಂದರೆ ಕರದಂಟು, ಬಣ್ಣದ ಕಟ್ಟಿಗೆ ಗೊಂಬೆ. ಊರಿನ ಹಿರಿಮೆ ಬರೆಯುವವರು ಅಲ್ಲಿಗೇ ನಿಲ್ಲುತ್ತಾರೆ. ಅದೇ ಅಂಗಡಿಯ ಕಟ್ಟಿ ಕೆಳಗ ಗೋಣಿತಟ್ಟು ಹಾಸಿ, ಉಳಿ ರಂಪಿಗೆ ಇಟ್ಕೊಂಡು ಕುಂತ ಸಮಗಾರ ಅಂಗಡಿಕಾರನಲ್ಲವೇನು? ಗೋಕಾಕ, ಮೂಡಲಗಿ, ಹುಕ್ಕೇರಿ ಸಂತಿಗಳಲ್ಲಿ ಕಾಲ್ಮರಿ ಹೊಲಿದವರು ನಮ್ಮವರು. ಹೆಸರು ಮಾತ್ರ ಕೊಲ್ಹಾಪುರದ್ದು!

2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಿತು. ಅದರ ಎಂಟು ಜಿಲ್ಲೆಗಳಲ್ಲಿ ಬೆಳಗಾವಿಯೂ ಒಂದು. ಅದೇ ವರ್ಷ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿತು. ಲೋಳಸೂರ ಸೇತುವೆ ಮುಳುಗಿ ಗೋಕಾಕದ ಓಣಿಗಳಿಗೆ ನೀರು ನುಗ್ಗಿತು. ಶಟರಿದ್ದವನ ಹಾನಿಗೆ ಪಂಚನಾಮೆ ಮಾಡಬಹುದು. ತೇಲಿಹೋದ ಗೋಣಿತಟ್ಟಿಗೆ ಹ್ಯಾಂಗ ಮಾಡತೀರಿ?

2014ರ ಬೀದಿ ವ್ಯಾಪಾರಿಗಳ ಕಾಯ್ದೆ ನಾವು ಓದಿದ್ದೇವೆ. ಬೀದಿಯಲ್ಲಿ ಕುಂತು ಮಾರುವವನಷ್ಟೇ ಅಲ್ಲ, ಸೇವೆ ಮಾಡುವವನೂ ಅದರಲ್ಲಿ ವ್ಯಾಪಾರಿ. ಐದು ವರ್ಷಕ್ಕೊಮ್ಮೆಯಾದರೂ ಎಣಿಕೆ ಆಗಬೇಕು. ಎಣಿಸಿ ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ.

2025ರಲ್ಲಿ ಪ್ರಾಡಾ ಕಂಪನಿ ಇಟಲಿಯ ಮಿಲಾನಿನಲ್ಲಿ ಇದೇ ನಮೂನೆಯ ಕಾಲ್ಮರಿ ಮೆರೆಸಿತು. ಗದ್ದಲವಾದ ಮೇಲೆ ಅದರ ಮೂಲ ಭಾರತದ್ದೆಂದು ಒಪ್ಪಿಕೊಂಡಿತು. ಗೆಳೆಯರೇ, ರಸ್ತೆ ಅಗಲ ಮಾಡುವವರು ಬರುವ ಮೊದಲು ನಗರಸಭೆ, ಪುರಸಭೆಗಳಿಗೆ ಹೋಗಿ ಎಣಿಕೆಯ ಪಟ್ಟಿ ಕೇಳೋಣ, ಬರ್ರಿ.