ಪ್ರಮಾಣ: ತರ್ಕಶಾಸ್ತ್ರದಿಂದ ಕಡಲಿನವರೆಗೆ

ಸಂಸ್ಕೃತದ ‘ಮಾ’ ಧಾತುವಿಗೆ ಅಳೆ ಎಂದರ್ಥ. ಮಾತ್ರೆ, ಪರಿಮಾಣ, ಮಾನದಂಡ ಎಲ್ಲವೂ ಅದೇ ಬೇರಿನವು. ಅದಕ್ಕೆ ‘ಪ್ರ’ ಸೇರಿ ಹುಟ್ಟಿದ ‘ಪ್ರಮಾಣ’ ಎಂದರೆ ತಪ್ಪಿಲ್ಲದೆ ಅಳೆಯುವ ಸಾಧನ. ದಾರ್ಶನಿಕರು ಅಳತೆಯ ಈ ಪದವನ್ನು ಅರಿವಿಗೆ ಹಚ್ಚಿದರು. ಯಾವುದರಿಂದ ನಿಜವಾದ ತಿಳಿವು ಬರುತ್ತದೋ ಅದು ಪ್ರಮಾಣ. ಚಾರ್ವಾಕರು ಪ್ರತ್ಯಕ್ಷವೊಂದನ್ನೇ ಒಪ್ಪಿದರೆ, ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕನ್ನು ಎಣಿಸಿದರು. ಉಡುಪಿಯ ಮಧ್ವಾಚಾರ್ಯರು ಈ ವಿಚಾರಕ್ಕೆಂದೇ ‘ಪ್ರಮಾಣಲಕ್ಷಣ’ ಬರೆದರು.

ಕನ್ನಡದಲ್ಲಿ ಪದ ಇನ್ನೂ ಹರಡಿತು. ಮಳೆಯ ಪ್ರಮಾಣ ಎಂದರೆ ಮೊತ್ತ. ದೇವರ ಮುಂದೆ ಆಣೆ ಪ್ರಮಾಣ ಮಾಡಿದರೆ ಶಪಥ. ಕೋರ್ಟಿನಲ್ಲಿ ಪ್ರಮಾಣಪತ್ರವೆಂದರೆ ಅಫಿಡವಿಟ್, ನಾಡಕಚೇರಿಯಲ್ಲಿ ಅದೇ ಜಾತಿ, ಆದಾಯದ ಸರ್ಟಿಫಿಕೇಟು. ಹೀಗೆ ಅಳತೆ, ಪುರಾವೆ, ಆಣೆ ಮೂರೂ ಒಂದೇ ಪದದಲ್ಲಿ ಕೂಡಿಕೊಂಡವು.

ಈ ಮೂರನ್ನೂ ಒಟ್ಟಿಗೆ ಬೇಡುವ ಪ್ರಮಾಣಪತ್ರವೊಂದು ಈಗ ಕಡಲಿಗೂ ಬಂದಿದೆ. ಕೆನಡಾದ ನ್ಯೂಫೌಂಡ್‌ಲೆಂಡ್‌ನಲ್ಲಿ ಕಾಡ್ ಮೀನಿನ ಸಂತತಿ ಕುಸಿದು 1992ರಲ್ಲಿ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಅಂಥ ಕುಸಿತ ಮರುಕಳಿಸಬಾರದೆಂದು, ಮೀನುಗಾರಿಕೆಗೆ ಈ ಪ್ರಮಾಣಪತ್ರದ ಮಾನದಂಡ ರೂಪಿಸುವ ಸಂಸ್ಥೆಯಾಗಿ 1997ರಲ್ಲಿ ‘ಮರೀನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್’ ಸ್ಥಾಪನೆಯಾಯಿತು. ಅದರ ಮಾನದಂಡ ಕೇಳುವುದು ಮೂರು: ಮೀನಿನ ಸಂತತಿ ಉಳಿದಿದೆಯೇ, ಹಿಡಿಯುವ ರೀತಿಯಿಂದ ಕಡಲಿಗೆ ಹಾನಿ ಕಡಿಮೆಯೇ, ನಿರ್ವಹಣೆ ಸರಿಯಿದೆಯೇ.

ಕಡಲೊಳಗಿನ ಮೀನನ್ನು ಎಣಿಸಿ ನೋಡಿದವರಿಲ್ಲ. ದಡಕ್ಕೆ ಬಂದ ಮೀನಿನ ಉದ್ದ, ತೂಕ, ಕಿವಿಯೊಳಗಿನ ಪುಟ್ಟ ಕಲ್ಲಿನಲ್ಲಿ ವರ್ಷವರ್ಷವೂ ಮೂಡುವ ಉಂಗುರ, ಇವುಗಳಿಂದ ಸಂತತಿಯ ಲೆಕ್ಕ ಕಟ್ಟಬೇಕು. ತಾರ್ಕಿಕರು ಅನುಮಾನ ಎಂದದ್ದು ಇದನ್ನೇ. ಅವರಿಗೆ ಅದು ತಿಳಿವಿನ ದಾರಿ. ಇಂದಿನ ಕನ್ನಡದಲ್ಲಿ ಅನುಮಾನವೆಂದರೆ ಸಂಶಯ. ಮೀನಿನ ಲೆಕ್ಕಕ್ಕೆ ಎರಡೂ ಅರ್ಥ ಸಲ್ಲುತ್ತವೆ. ಹೊಸ ಪುರಾವೆ ಸಿಕ್ಕಾಗ ಹಳೆಯ ತೀರ್ಮಾನವನ್ನು ಸಂಶಯಿಸಲೇಬೇಕು. ಮಾನದಂಡ ಆಗಾಗ ಬದಲಾಗುವುದು ಅದಕ್ಕೇ. 2022ರಲ್ಲಿ ಪ್ರಕಟವಾದ ಮೂರನೆಯ ಆವೃತ್ತಿ ಶಾರ್ಕ್‌ಗಳನ್ನು ರೆಕ್ಕೆ ಕತ್ತರಿಸದೆ ದಡಕ್ಕೆ ತರಬೇಕೆಂದಿತು, ಕಡಲಲ್ಲಿ ಕಳೆದುಹೋಗಿ ಮೀನು ಕೊಲ್ಲುತ್ತಲೇ ಇರುವ ಬಲೆಗಳ ಲೆಕ್ಕ ಕೇಳಿತು, ಪುರಾವೆ ಎಷ್ಟು ನಂಬಲರ್ಹ ಎಂದೂ ತೂಗಿತು. 2024ರಲ್ಲಿ ಅದನ್ನೂ ತಿದ್ದಿ 3.1 ಆವೃತ್ತಿ ಹೊರಬಂತು.

ಆದರೆ ಪುರಾವೆಯ ಬಿಗಿ ಹೆಚ್ಚಿದಷ್ಟೂ ದಾಖಲೆಯಿಲ್ಲದ ಸಣ್ಣ ಮೀನುಗಾರ ಹೊರಗುಳಿಯುತ್ತಾನೆ. ಇಲ್ಲಿ ನಾಲ್ಕನೆಯ ಪ್ರಮಾಣವಾದ ಶಬ್ದವನ್ನು ನೆನೆಯಬೇಕು. ಶಬ್ದವೆಂದರೆ ಆಪ್ತವಾಕ್ಯ, ಬಲ್ಲವರ ಮಾತು. ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ, ಕಂಡದ್ದನ್ನು ಕಂಡಂತೆ ಹೇಳುವವನು ಋಷಿಯಾದರೂ ಮ್ಲೇಚ್ಛನಾದರೂ ಆಪ್ತನೇ ಎಂದಿದ್ದಾನೆ. ಆ ಲೆಕ್ಕದಲ್ಲಿ ಕಡಲನ್ನು ಬಲ್ಲ ಮೀನುಗಾರನ ಮಾತೂ ಪ್ರಮಾಣವೇ. ಅಂಥವರೂ ವಿಜ್ಞಾನಿಗಳೂ ಕೈಜೋಡಿಸಿದ ಉದಾಹರಣೆಯೊಂದಿದೆ. ಕೇರಳದ ಕೊಲ್ಲಂ ಬಳಿಯ ಅಷ್ಟಮುಡಿ ಹಿನ್ನೀರಿನಲ್ಲಿ ಚಿಪ್ಪುಮೀನು, ನಮ್ಮ ಕರಾವಳಿಯವರ ಮರುವಾಯಿ, ಕಡಿಮೆಯಾದಾಗ ಡಿಸೆಂಬರಿನಿಂದ ಫೆಬ್ರವರಿವರೆಗೆ ಹೆಕ್ಕುವುದನ್ನು ನಿಲ್ಲಿಸುವ ಕಟ್ಟಳೆ ಬಂತು. ಹೆಕ್ಕುವವರು ಅದನ್ನು ಪಾಲಿಸಿದರು, ವಿಜ್ಞಾನಿಗಳು ಅಳೆದರು. 2014ರಲ್ಲಿ ಭಾರತಕ್ಕೆ ಸ್ಟೀವರ್ಡ್‌ಶಿಪ್ ಕೌನ್ಸಿಲ್‌ನ ಮೊದಲ ಪ್ರಮಾಣಪತ್ರ ಬಂದದ್ದು ಆ ಹಿನ್ನೀರಿಗೆ.

ಮಾನದಂಡ ಇನ್ನೂ ಬಿಗಿಯಾಗಲಿ, ಕಡಲಿಗೆ ಅದು ಬೇಕು. ಆದರೆ ನೀರಿಗಿಳಿದು ದುಡಿಯುವವರ ಅನುಭವವನ್ನು ಕೇಳಿ, ಬರೆದಿಟ್ಟು, ಅಂಕಿಗಳ ಪಕ್ಕದಲ್ಲಿ ಇಟ್ಟು ತೂಗುವ ಕ್ರಮವೂ ಅದರೊಳಗೆ ಗಟ್ಟಿಯಾಗಬೇಕು. ಆಗ ಮಾತ್ರ ಆ ಪತ್ರಕ್ಕೆ ಪ್ರಮಾಣವೆಂಬ ಹೆಸರು ಪೂರ್ತಿಯಾಗಿ ಸಲ್ಲುತ್ತದೆ.