ಅಷ್ಟೂರಿನ ಗುಮ್ಮಟಗಳು ಮತ್ತು ಭಕ್ತರ ಹೊಣೆ



ಸ್ಥಾವರಕ್ಕಿಂತ ಜಂಗಮ ಮಿಗಿಲೆಂಬುದು ಬಸವಾದಿ ಶರಣರ ನಿಲುವು. ಇದನ್ನೇ ಮುಂದುಮಾಡಿ, ಹಳೆಯ ಗೋರಿಗಳು ಹಾಳಾದರೆ ನಮಗೇನೆಂದು ಕೇಳುವವರುಂಟು. ಬೀದರ ಸೀಮೆಯ ಚರಿತ್ರೆಯನ್ನು ಬಲ್ಲವರಿಗೆ ಈ ಮಾತು ಒಪ್ಪಿತವಾಗದು.

ನೌಬಾದದಿಂದ ಬೀದರ ನಗರವನ್ನು ದಾಟಿ ಪೂರ್ವಕ್ಕೆ ಸಾಗಿದರೆ ಬಹಮನಿ ಸುಲ್ತಾನರ ಸಮಾಧಿಗಳಿರುವ ಅಷ್ಟೂರು ಸಿಗುತ್ತದೆ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ತಂದ ಅಹಮದ್ ಶಾಹನ (ಆಳ್ವಿಕೆ 1422-1436) ಸಮಾಧಿ ಇವುಗಳಲ್ಲಿ ಮುಖ್ಯವಾದುದು. ಸೂಫಿ ಸಂತರಲ್ಲಿ ನಿಷ್ಠೆಯಿದ್ದ ಈತನನ್ನು ಮುಸಲ್ಮಾನರು ‘ವಲಿ’ ಎಂದು ಗೌರವಿಸಿದರೆ, ಲಿಂಗಾಯತ ಭಕ್ತರು ಈತನಲ್ಲಿ ಅಲ್ಲಮಪ್ರಭುವನ್ನೇ ಕಂಡರು. ಪ್ರಭುದೇವರು 12ನೆಯ ಶತಮಾನದವರು, ಸುಲ್ತಾನನು 15ನೆಯ ಶತಮಾನದವನು. ಕಾಲಗಣನೆಗೆ ಹೊಂದದಿದ್ದರೂ ಭಕ್ತಿಗೆ ಇದು ಹೊಂದಿತು. ಇಲ್ಲಿನ ಉರುಸು ಹೋಳಿ ಹುಣ್ಣಿಮೆಯನ್ನು ಲೆಕ್ಕವಾಗಿಟ್ಟುಕೊಂಡು ನಡೆಯುತ್ತದೆ. ಮಾಡಿಯಾಳದ ಜಂಗಮರು ಬಂದು, ಶಂಖ ಊದಿ, ಹೂವೇರಿಸಿ, ಕಾಯಿ ಒಡೆಯುವುದು ಇಲ್ಲಿನ ಪದ್ಧತಿ.

ಈ ಸಮಾಧಿಯ ಒಳಗೋಡೆ ಹಾಗೂ ಗುಮ್ಮಟದ ತುಂಬ ಚಿನ್ನ, ಕೆಂಪು, ನೀಲಿ ಬಣ್ಣಗಳ ಚಿತ್ತಾರಗಳೂ ಅಕ್ಷರಗಳೂ ಇವೆ. ಇವೆಲ್ಲ ಸುಮಾರು 600 ವರ್ಷಗಳಷ್ಟು ಹಳೆಯವು, ಗಾರೆಯ ಮೇಲೆ ತೆಳುವಾಗಿ ನಿಂತಿರುವಂಥವು. ಧೂಪ ದೀಪಗಳ ಹೊಗೆ ಇವನ್ನು ಮಸುಕಾಗಿಸುತ್ತದೆ. ಜನ ಕಿಕ್ಕಿರಿದಾಗ ಉಸಿರಿನ ತೇವ ಗಾರೆಯನ್ನು ಸಡಿಲಿಸುತ್ತದೆ. ಕೈಸೋಕಿದಲ್ಲಿ ಎಣ್ಣೆ, ಬೆವರು ಅಂಟುತ್ತವೆ. ಪಕ್ಕದ ಹುಮಾಯೂನ್ ಶಾಹನ ಗುಮ್ಮಟವು ಸಿಡಿಲಿನಿಂದ ಒಡೆಯಿತು. ಸಿಡಿಲು ಬಡಿದದ್ದು ಒಮ್ಮೆ ಮಾತ್ರ, ಮನುಷ್ಯರ ಕೈಯಾದರೋ ದಿನವೂ ತಾಗುತ್ತದೆ.

ಕಾನೂನಿನ ರಕ್ಷಣೆ ಇಲ್ಲವೆಂದಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಆದರೆ ಗೋಡೆಯ ಮೇಲೆ ಹೆಸರು ಕೊರೆಯುವ ಕೈಯನ್ನು ಕಾಯ್ದೆಯೊಂದೇ ತಡೆಯಲಾರದು.

ಇಲ್ಲಿ ಹರಿಹರ ಕವಿಯ ‘ಪ್ರಭುದೇವರ ರಗಳೆ’ಯ ಪ್ರಸಂಗವನ್ನು ನೆನೆಯಬೇಕು. ನೆಲದಲ್ಲಿ ಹೂತುಹೋಗಿದ್ದ ಗುಡಿಯ ಕಳಸ ಕಂಡು, ಅಗೆಸಿ, ಒಳಹೊಕ್ಕ ಅಲ್ಲಮನಿಗೆ ಅನಿಮಿಷಯ್ಯನ ದರ್ಶನವಾಯಿತು, ಆತನ ಕರಸ್ಥಲದ ಲಿಂಗ ದೊರೆಯಿತು. ನೋಡುವವನಾಗಿ ಹೋದವನು ಪಡೆಯುವವನಾಗಿ ಹೊರಬಂದನು. ಅಂಥವನ ಹೆಸರು ಹೇಳಿ ಅಷ್ಟೂರಿಗೆ ಹೋಗುವ ನಾವು ಬರಿಯ ಪ್ರವಾಸಿಗರಾಗುವುದು ತರವೇ?

ಸ್ಥಾವರ ಅಳಿಯುವುದೆಂಬುದು ಅದನ್ನು ಅಳಿಸಲು ಕೊಟ್ಟ ಅಪ್ಪಣೆಯಲ್ಲ. ನಮ್ಮ ಹಿರಿಯರನ್ನೂ ಮಣ್ಣಿಗೇ ಒಪ್ಪಿಸುತ್ತೇವೆ, ಗುರುಗಳ ಗದ್ದುಗೆಯ ಮುಂದೆ ದನಿ ತಗ್ಗಿಸುತ್ತೇವೆ. ಅದೇ ನಡೆ ಅಲ್ಲಿಯೂ ಇರಲಿ. ಕರ್ಪೂರ, ಊದುಬತ್ತಿ, ಕಾಯಿಗಳ ಸೇವೆ ಹೊರಗಿನ ಅಂಗಳದಲ್ಲಿ ನಡೆಯಲಿ. ಗೋಡೆಯನ್ನು ಮುಟ್ಟದಿರೋಣ, ಮಕ್ಕಳಿಗೂ ಕಲಿಸೋಣ. ಜನದಟ್ಟಣೆಯ ದಿನ ಸ್ವಲ್ಪ ಹೊತ್ತು ಹೊರಗೆ ಕಾದು ಒಳಹೋಗೋಣ. ಎರಡು ಧರ್ಮದವರು ಕೂಡಿ ಕಾಪಾಡಿಕೊಂಡು ಬಂದ ನೆಲೆಯನ್ನು ಮುಂದಿನವರಿಗೆ ಒಪ್ಪಿಸುವುದೂ ಶರಣರ ಸೇವೆಯೇ.