ಹುಣಸೆ ಬೀಜದ ಸರಿ ಮತ್ತು ಕರಾವಳಿಯ ಮಳೆ: ಉಣ್ಣೆಯ ಬಹೂಪಯೋಗಿ ರಕ್ಷಾಲೇಪನವನ್ನು ಕುರಿತು

ಬಯಲುಸೀಮೆಯ ಚಳ್ಳಕೆರೆಯಲ್ಲಿ ನೇಯ್ದ ಕರಿ ಕಂಬಳಿಯನ್ನು ಕರಾವಳಿಯ ಮೂಡುಬಿದಿರೆ ಬಳಿಯ ಮಿಜಾರಿನ ಮನೆಯೊಂದರಲ್ಲಿ ಮಳೆಗಾಲವಿಡೀ ಮಡಿಸಿಟ್ಟರೆ ಬೂಸ್ಟು ಹಿಡಿಯದೆ ಉಳಿಯುವುದು ಕಷ್ಟ. ಅದೇ ಕಂಬಳಿ ತನ್ನ ಊರಿನಲ್ಲಿ ವರ್ಷಗಟ್ಟಲೆ ಬಾಳುತ್ತದೆ. ಈ ಅಂತರಕ್ಕೆ ಕಾರಣವನ್ನು ಉಣ್ಣೆಗಿಂತ ಹೆಚ್ಚಾಗಿ ಅದರ ಮೇಲಿನ ಲೇಪನದಲ್ಲಿ ಹುಡುಕಬೇಕು ಎಂಬುದು ಈ ಲೇಖನದ ವಾದ.

ಕಂಬಳಿ ನೇಯುವ ಕುರುಬರು ಹಾಸುನೂಲಿಗೆ ಹುಣಸೆ ಬೀಜದ ಸರಿ ಬಳಿಯುತ್ತಾರೆ. ಬೀಜವನ್ನು ಹುರಿದು, ಸಿಪ್ಪೆ ಕಳೆದು, ನೆನೆಸಿ, ಅರೆದು, ಕುದಿಸಿದರೆ ಸಿಗುವ ಅಂಟು ಇದು. ಕುಂಚದಿಂದ ಎಳೆಗಳುದ್ದಕ್ಕೂ ತೀಡಿ ಬಿಸಿಲಿಗೆ ಒಣಗಿಸಿದಾಗ ಚಾಚಿಕೊಂಡ ಒರಟು ಕೂದಲುಗಳು ನೂಲಿಗೆ ಅಂಟಿ ಕೂರುತ್ತವೆ, ನೂಲು ಬಿರುಸಾಗುತ್ತದೆ. ಬೀಜದ ತಿರುಳಿನ ಬಹುಪಾಲು ಕ್ಸೈಲೋಗ್ಲುಕಾನ್. ಗ್ಲೂಕೋಸ್ ಸರಪಳಿಗೆ ಕ್ಸೈಲೋಸ್, ಗ್ಯಾಲಕ್ಟೋಸ್ ಕವಲೊಡೆದ ಸಕ್ಕರೆಯ ಬಲೆ. ಒಣಗಿದಾಗ ಅದು ಗಟ್ಟಿ ಪೊರೆ. ಚಳ್ಳಕೆರೆಯ ಒಣಹವೆಗೆ ಇದು ಸಾಕು. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ಮೂಡುಬಿದಿರೆ ಸೀಮೆಯಲ್ಲಿ ಅದೇ ಪೊರೆ ತೇವ ಹೀರಿ ಉಬ್ಬುತ್ತದೆ, ಶಿಲೀಂಧ್ರಕ್ಕೆ ಊಟವಾಗುತ್ತದೆ.

ಹಾಗೆಂದು ಸರಿಯನ್ನು ಬಿಟ್ಟು ಆಧುನಿಕ ಲೇಪನ ಬಳಿದರೆ ಮುಗಿಯಿತೇ? ಕಂಬಳಿಯ ಮೇಲೆ ಬೆರಳಿನಿಂದ ಒಂದು ಹನಿ ನೀರು ಬಿಡಿ. ಅದು ಕೂದಲ ತುದಿಗಳ ಮೇಲೆ ಮಣಿಯಂತೆ ನಿಲ್ಲುತ್ತದೆ. ಒತ್ತಿದರೆ ಮಾತ್ರ ಒಳಗಿಳಿಯುತ್ತದೆ. ಉಣ್ಣೆಯ ಎಳೆಯ ಹೊರಮೈಗೆ 18-ಮೀಥೈಲ್‌ಐಕೊಸನೋಯಿಕ್ ಆಮ್ಲವೆಂಬ ಕೊಬ್ಬಿನ ತೆಳುಪದರ ಥಯೋಎಸ್ಟರ್ ಬಂಧದಿಂದ ಅಂಟಿಕೊಂಡಿರುವುದೇ ಇದಕ್ಕೆ ಕಾರಣ. ಒಳಗಿನ ಕೆರಟಿನ್ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವ ಹೀರಬಲ್ಲದು. ಹೊರಮೈ ಮಾತ್ರ ನೀರನ್ನು ದೂಡುತ್ತದೆ. ಕುರಿಯೇ ಕೊಟ್ಟ ಮೊದಲ ಲೇಪನವಿದು. ಆದರೆ ಹೊಸ ರಾಸಾಯನಿಕ ಚೆನ್ನಾಗಿ ಹಿಡಿಯಬೇಕಾದರೆ ಕ್ಲೋರಿನ್, ಕ್ಷಾರ ಅಥವಾ ಪ್ಲಾಸ್ಮಾದಿಂದ ಈ ಪದರವನ್ನೇ ಕಿತ್ತುಹಾಕುವುದು ವಾಡಿಕೆ. ಇದ್ದ ಕವಚವನ್ನು ಕಳಚಿ ಇನ್ನೊಂದನ್ನು ತೊಡಿಸುವ ಈ ಕ್ರಮವನ್ನು ನಾನು ಒಪ್ಪಲಾರೆ.

ಒಂದು ಗುಣ ಸೇರಿಸಿದರೆ ಇನ್ನೊಂದು ಕೆಡುವ ಉದಾಹರಣೆಗಳು ಬೇಕಾದಷ್ಟಿವೆ. ಫ್ಲೋರಿನ್ ಸಂಯುಕ್ತಗಳು ನೀರನ್ನೂ ಎಣ್ಣೆಯನ್ನೂ ತಡೆದವು; ಪರಿಸರದಲ್ಲಿ ವಿಘಟಿಸದೆ ಉಳಿಯುವ ದೋಷಕ್ಕಾಗಿ ಅವುಗಳಲ್ಲೊಂದಾದ ಪಿಎಫ್‌ಓಎ 2019ರಲ್ಲಿ, ಇಂಥ ರಾಸಾಯನಿಕಗಳ ಬಳಕೆಯನ್ನು ನಿಲ್ಲಿಸಲು ಮಾಡಿಕೊಂಡ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿ ಸೇರಿತು. ನುಸಿ ತಡೆಯುವ ಪರ್ಮೆಥ್ರಿನ್ ತೊಳೆದ ನೀರಿನೊಡನೆ ಹೊಳೆ ಸೇರಿದರೆ ಮೀನಿಗೆ ವಿಷ. 2008ರಲ್ಲಿ ವಾಲಿದ್ ದಾವುದ್ ಮತ್ತು ಸಂಗಡಿಗರು ಟೈಟಾನಿಯಂ ಡೈಆಕ್ಸೈಡ್ ಲೇಪಿಸಿದ ಉಣ್ಣೆ ಬೆಳಕಿನಲ್ಲಿ ವೈನ್ ಕಲೆಯನ್ನು ತಾನೇ ಕಳೆದುಕೊಳ್ಳುವುದನ್ನು ತೋರಿಸಿದರು. ಸೊಗಸಾದ ಕೆಲಸ. ಆದರೆ ಅದಕ್ಕೆ ನೇರಳಾತೀತ ಕಿರಣ ಬೇಕು. ಆಷಾಢದ ಮೋಡದಡಿ, ಬೂಸ್ಟು ಬಲಿಯುವ ಹೊತ್ತಿನಲ್ಲೇ, ಅದರ ಶಕ್ತಿ ಕುಂದುತ್ತದೆ.

ಆದ್ದರಿಂದ ಹುಣಸೆ ಸರಿಯನ್ನೇ ಆಧಾರವಾಗಿಟ್ಟುಕೊಂಡು ಅದನ್ನು ತಿದ್ದುವುದು ನನಗೆ ಹೆಚ್ಚು ಯುಕ್ತವೆನಿಸುತ್ತದೆ. ಅಳಲೆಕಾಯಿಯ ಟ್ಯಾನಿನ್ ಸರಿಯೊಳಗೆ ಸೇರಿದರೆ ಶಿಲೀಂಧ್ರಕ್ಕೂ ನುಸಿಗೂ ಅಡ್ಡಿಯಾಗಬಹುದು. ತೆಳುವಾದ ಸಿಲಿಕಾ ಜಾಲ ಪೊರೆ ಉಬ್ಬದಂತೆ ಹಿಡಿಯಬಹುದು. ಸಿಟ್ರಿಕ್ ಆಮ್ಲದಿಂದಲೂ ಪೊರೆಯನ್ನು ಹೆಣೆಯಬಹುದು, ಆದರೆ ಅದಕ್ಕೆ 150 ಡಿಗ್ರಿ ಸೆಲ್ಸಿಯಸ್ ಮೀರಿದ ಕಾವು ಬೇಕು. ನೇಕಾರರ ಅಂಗಳದಲ್ಲಿ ಇರುವುದು ಬಿಸಿಲು ಮಾತ್ರ. ಬಿಸಿಲಿನಲ್ಲಿ ಗಟ್ಟಿಯಾಗದ ಲೇಪನ ಎಷ್ಟೇ ಸಮರ್ಥವಾಗಿದ್ದರೂ ಕಂಬಳಿಗೆ ಒದಗದು.

ಪರೀಕ್ಷೆಗೆ ಮಿಜಾರಿಗಿಂತ ಕಠಿಣವಾದ ಜಾಗ ಬೇಕಿಲ್ಲ. 2007 ಮತ್ತು 2008ರಲ್ಲಿ ಆರಂಭವಾದ ಎರಡು ಎಂಜಿನಿಯರಿಂಗ್ ಕಾಲೇಜುಗಳು ಇಲ್ಲಿವೆ. ಅಲ್ಲಿ ಕೃತಕ ತೇವದ ಕೋಣೆಯ ಜೊತೆಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಜಗಲಿಯೂ ಪ್ರಯೋಗಶಾಲೆಯಾಗಬಲ್ಲದು. ಲೇಪನವಿಲ್ಲದ್ದು, ಬರೀ ಸರಿ ಬಳಿದದ್ದು, ಟ್ಯಾನಿನ್ ಸೇರಿದ್ದು, ಸಿಲಿಕಾ ಸೇರಿದ್ದು, ಎರಡೂ ಸೇರಿದ್ದು ಎಂದು ತುಂಡುಗಳನ್ನು ಒಂದೇ ಉಣ್ಣೆಯಿಂದ ನೇಯ್ದು ತೂಗುಹಾಕಬೇಕು. ಇನ್ನೊಂದು ತುಂಡು ಸೌದೆ ಒಲೆಯ ಮೇಲಿನ ಅಟ್ಟದಲ್ಲಿರಲಿ. ಗ್ಯಾಸ್ ಒಲೆ ಬರುವ ಮುಂಚೆ ಇಲ್ಲಿನ ಮನೆಗಳಲ್ಲಿ ಬೂಸ್ಟನ್ನೂ ಹುಳುವನ್ನೂ ದೂರವಿಡುತ್ತಿದ್ದದ್ದು ಅಲ್ಲಿನ ಹೊಗೆ. ಅದರ ಫೀನಾಲುಗಳು ಉಣ್ಣೆಯ ಮೇಲೆ ಎಷ್ಟು ನಿಲ್ಲುತ್ತವೆ, ಎಷ್ಟು ತೊಳೆತಕ್ಕೆ ಹೋಗುತ್ತವೆ ಎಂಬುದನ್ನೂ ಅದರೊಂದಿಗೇ ಅಳೆಯಬೇಕು.